ಬಳೆಯಷ್ಟು ತೂತು

"ಬಾಗಿಲು ಮುಟ್ಟಬೇಡ!" ಬಚ್ಚಲಿನ ಒಳಗಿಂದ ಮಾವನ ದನಿ ಬಂತು. "ಮಗ ಬರ್ಲಿ. ಅವ್ನು ನೋಡ್ಕೋತಾನೆ."

ಸೊಸೆ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದಳು. ದೊಪ್ಪೆಂದು ಬಿದ್ದ ಸದ್ದಿಗೆ ಹೊಲಿಗೆ ಮಷಿನ್ ಬಿಟ್ಟು ಓಡಿಬಂದವಳ ಕೊರಳಲ್ಲಿ ಅಳತೆ ಟೇಪು ಇನ್ನೂ ಹಾಗೇ ಜೋತಾಡುತ್ತಿತ್ತು. ಮಗ ಬರುವುದು ಎಲ್ಲಿಂದ? ಅವನು ಲಾರಿಗೆ ಸರಕು ತುಂಬಿಕೊಂಡು ಹೋಗಿ ಈಗ ಅರ್ಧ ದಿನದ ದಾರಿಯಾಚೆ ಇದ್ದ. ಫೋನಿನಲ್ಲಿ "ಏನಾದ್ರೂ ಮಾಡು" ಅಂದಿದ್ದ. ದೂರದಲ್ಲಿರುವ ಗಂಡಂದಿರು ಇನ್ನೇನು ತಾನೇ ಹೇಳುತ್ತಾರೆ.

"ಎಲ್ಲಿ ಪೆಟ್ಟಾಗಿದೆ, ಮಾವ?"

"ಸೊಂಟ ಅಲ್ಲಾಡಿಸಕ್ಕಾಗ್ತಿಲ್ಲ. ತಲೆಗೆ ನಲ್ಲಿ ತಗುಲ್ತು. ಸ್ವಲ್ಪ ರಕ್ತ, ಅಷ್ಟೇ. ಟವೆಲ್ ಒತ್ಕೊಂಡಿದೀನಿ."

ಆ 'ಸ್ವಲ್ಪ' ಬಾಗಿಲ ಕೆಳಗಿನ ಸಂದಿಯಿಂದ ನೀರಿನ ಜೊತೆ ತೆಳ್ಳಗೆ ಕೆಂಪಾಗಿ ಹರಿದು ಅವಳ ಕಾಲ್ಬೆರಳ ಹತ್ತಿರ ಬಂತು. ಮಾವ ಹೃದಯದ ಕಾಯಿಲೆಗೆಂದು ದಿನಾ ರಕ್ತ ತೆಳುವಾಗುವ ಮಾತ್ರೆ ನುಂಗುವವರು. ಗಡ್ಡ ಕೆರೆಯುವಾಗ ಬ್ಲೇಡು ತಾಗಿದರೂ ತುಂಬಾ ಹೊತ್ತು ಹತ್ತಿ ಒತ್ತಿಕೊಂಡು ಕೂರಬೇಕಾಗುತ್ತಿತ್ತು. ತಲೆಗೆ ಪೆಟ್ಟಾದರೆ ಒಂದು ಗಳಿಗೆಯೂ ತಡಮಾಡದೆ ಕರೆತನ್ನಿ ಎಂದು ಡಾಕ್ಟರು ಅವಳಿಗೇ ಹೇಳಿದ್ದರು.

ಆಂಬುಲೆನ್ಸು ಆಗಲೇ ಗೇಟಿನ ಹತ್ತಿರ ಬಂದು ನಿಂತಿತ್ತು. ಬಂದು ಏನು ಪ್ರಯೋಜನ? ರೋಗಿ ಚಿಲಕ ಹಾಕಿಕೊಂಡು ಒಳಗಿದ್ದರು. ಅಗ್ನಿಶಾಮಕದವರು ಊರಾಚೆಯ ಗೋದಾಮಿನ ಬೆಂಕಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು; ಬರುತ್ತೇವೆ, ಯಾವಾಗ ಎಂದು ಹೇಳಲಾರೆವು ಅಂದರು. ಬಚ್ಚಲಿನ ಕಿಟಕಿಗೆ ಕಬ್ಬಿಣದ ಸರಳು. ಮೇಲಿನ ಮನೆಯ ಬಸ್ ಡ್ರೈವರು ಮಾತ್ರ ಲುಂಗಿ ಎತ್ತಿ ಕಟ್ಟಿಕೊಂಡು ಕೆಳಗಿಳಿದು ಬಂದಿದ್ದ. ಆಳು ಒಳ್ಳೆ ಗಾತ್ರದವನು.

"ಸ್ವಲ್ಪ ಸರಿ ತಂಗಿ. ಒಂದೇ ಒದೆ."

"ಒದ್ರೆ ನಿಮ್ಮ ಕಾಲು ಮುರಿಯುತ್ತೆ ಡ್ರೈವರ್ರೇ, ಬಾಗಿಲಲ್ಲ," ಎಂದಿತು ಒಳಗಿನ ದನಿ. ಇಂಥ ಹೊತ್ತಿನಲ್ಲೂ ಅದರಲ್ಲಿ ಬಿಂಕ ಇತ್ತು.

"ಬೇಡಣ್ಣ," ಎಂದಳು ಸೊಸೆ. "ಬಾಗಿಲು ಒಳಗಡೆ ತೆಗೆಯುತ್ತೆ. ಅವರು ಅದಕ್ಕೆ ಒರಗಿಕೊಂಡೇ ಬಿದ್ದಿದ್ದಾರೆ. ಮುರಿದ್ರೆ ಅವರ ಮೇಲೇ ಬೀಳುತ್ತೆ."

ಬಿಂಕಕ್ಕೆ ಕಾರಣವಿತ್ತು. ಮಾವ ಬಡಗಿ. ಜೀವಮಾನವೆಲ್ಲ ಕಂಡವರ ಮನೆಗೆ ಬಾಗಿಲು ಮಾಡಿಕೊಟ್ಟು, ಕೈ ನಡುಗಲು ಶುರುವಾಗುವ ಮೊದಲು ತಮ್ಮ ಮನೆಗೆಂದು ಮಾಡಿದ್ದು ಇದೊಂದೇ. ಯಾವುದೋ ದೊಡ್ಡ ಕಟ್ಟಡದ ಕೆಲಸದಲ್ಲಿ ಉಳಿದ ತೇಗದ ಹಲಗೆ. ಅಷ್ಟು ಒಳ್ಳೆಯ ಮರವನ್ನು ಕೀಸಿ ತೆಳುಮಾಡಲು ಮನಸ್ಸಾಗದೆ ದಪ್ಪನಾಗಿಯೇ ಬಿಟ್ಟಿದ್ದರು. ಕೋಟೆಗೆ ಇಡಬೇಕಾದ ಬಾಗಿಲನ್ನು ಬಚ್ಚಲಿಗೆ ಇಟ್ಟಿದ್ದೀರಿ ಎಂದು ಅತ್ತೆ ಬದುಕಿರುವವರೆಗೂ ನಗುತ್ತಿದ್ದರಂತೆ. ಹಿತ್ತಾಳೆಯ ಚಿಲಕವೂ ಅಷ್ಟೇ ಗಟ್ಟಿ. ಒಳಗಿಂದ ಹಾಕಿದರೆ ಮುಗಿಯಿತು, ಹೊರಗಿನವರಿಗೆ ಆ ಬಾಗಿಲು ಗೋಡೆಗೆ ಸಮ.

ಎರಡು ಸಲ ತಲೆಸುತ್ತು ಬಂದು ಮಾವ ಗೋಡೆ ಹಿಡಿದುಕೊಂಡಿದ್ದನ್ನು ನೋಡಿದಾಗಿನಿಂದ ಸೊಸೆಗೆ ಈ ಚಿಲಕದ್ದೇ ಚಿಂತೆಯಾಗಿತ್ತು. ಹೊರಗಿನಿಂದಲೂ ತೆಗೆಯಬಹುದಾದ ಬೀಗವೊಂದನ್ನು ತಂದಿಟ್ಟಿದ್ದಳು. ಅದನ್ನು ಕೂರಿಸಲು ಬಾಗಿಲಿಗೊಂದು ಅಗಲದ ತೂತು ಬೇಕು. ತೂತು ಕೊರೆಯಲು ಅವಳ ಹತ್ತಿರ ಹೋಲ್ ಸಾ ಸೆಟ್ಟು ಇತ್ತು: ಸಣ್ಣದರಿಂದ ದೊಡ್ಡದರವರೆಗೆ ಒಂದರೊಳಗೊಂದು ಕೂರುವ ಕಬ್ಬಿಣದ ಬಟ್ಟಲುಗಳು, ಬಟ್ಟಲಿನ ಬಾಯಿಗೆ ಗರಗಸದ ಹಲ್ಲು, ನಡುವೆ ದಾರಿ ತೋರಿಸುವ ಒಂದು ಡ್ರಿಲ್ ಮೊಳೆ. ಸಂತೆ ಬೀದಿಯಲ್ಲಿ ಗುಡ್ಡೆ ಹಾಕಿ ಮಾರುವ ಅಗ್ಗದ ಮಾಲು. ವರ್ಷಕ್ಕೆ ಒಂದೋ ಎರಡೋ ತೂತಿಗೆ ಇದಕ್ಕಿಂತ ಒಳ್ಳೆಯದು ಯಾಕೆ ಎಂದು ತಂದಿದ್ದಳು. ಸಿಂಕಿನ ಕೆಳಗಿನ ಹಲಗೆಯಲ್ಲಿ ಪೈಪು ತೂರಿಸಿದ್ದು ಅದರಲ್ಲೇ.

"ಇದು ಗರಗಸ ಅಲ್ಲ, ಬಿಸ್ಕತ್ತಿನ ಡಬ್ಬಿ," ಎಂದು ಮಾವ ಅದನ್ನು ಬೆರಳಲ್ಲಿ ತಟ್ಟಿ ನಕ್ಕಿದ್ದರು. ಇವತ್ತು ಬೆಳಿಗ್ಗೆ ಅವಳು ಬೀಗದ ಮಾತು ಮತ್ತೆ ಎತ್ತಿದಾಗ ನಗಲಿಲ್ಲ. "ಅಂಗಿಗೆ ಕಾಜ ಹಾಕೋಳಿಗೆ ಬಾಗಿಲಿನ ಉಸಾಬರಿ ಯಾಕೆ? ನಾನು ಬದುಕಿರೋವರೆಗೂ ಆ ಬಾಗಿಲಿಗೆ ತೂತು ಬೀಳಕೂಡದು."

"ಕಾಜಾನೂ ತೂತೇ, ಮಾವ. ಅಂಚು ಕಟ್ಟಿದ್ರೆ ಬಟ್ಟೆ ಹಾಳಾಗಲ್ಲ," ಎಂದು ಅವಳೂ ಬಿಡದೆ ಅಂದುಬಿಟ್ಟಿದ್ದಳು. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ, ಬೇಕೆಂದೇ ಜೋರಾಗಿ ಚಿಲಕ ಹಾಕಿಕೊಂಡಿದ್ದರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದಿಸಿ ಗೆದ್ದವರುಂಟೆ?

ಈಗ ಅವಳು ಆ ಸೆಟ್ಟನ್ನೂ ಡ್ರಿಲ್ ಮಷಿನ್ನನ್ನೂ ತಂದು ಬಾಗಿಲ ಮುಂದೆ ಸುರಿದಳು. ಸದ್ದು ಒಳಗೆ ಕೇಳಿಸಿತು.

"ಏನದು? ಬೇಡ ಅಂದ್ನಲ್ಲ ನಾನು!"

"ಮಾವ, ಸುಮ್ನಿರ್ತೀರಾ!" ಮದುವೆಯಾಗಿ ಬಂದ ಮೇಲೆ ಅವರ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು. "ನಿಮ್ಮ ರಕ್ತ ಇಲ್ಲಿವರ್ಗೂ ಹರಿದು ಬರ್ತಿದೆ. ನನಗೆ ಬಾಗಿಲು ಬೇಡ, ನೀವು ಬೇಕು. ಬಯ್ಯೋದಿದ್ರೆ ಆಚೆ ಬಂದು ಬಯ್ರಿ!"

ಡ್ರೈವರು ಗಾಬರಿಯಾಗಿ ಅವಳ ಮುಖ ನೋಡಿದ. ಮಾವನ ದನಿ ತಗ್ಗಿ ಬಂತು.

"ಅಲ್ಲೆಲ್ಲ ನೀರಿದೆ. ಕರೆಂಟಿನ ಮಷಿನ್ನು. ರಬ್ಬರ್ ಚಪ್ಪಲಿ ಹಾಕ್ಕೊಂಡು ನಿಲ್ಲು."

ಅವಳಿಗೆ ಅಳು ಬಂದಂತಾಯಿತು. ಅಳಲು ಪುರಸೊತ್ತಿರಲಿಲ್ಲ. ಡ್ರೈವರು ತನ್ನ ಚಪ್ಪಲಿಯನ್ನೇ ಬಿಟ್ಟುಕೊಟ್ಟ. ಅವಳ ಎರಡು ಪಾದ ಅದರ ಒಂದರಲ್ಲೇ ಹಿಡಿಯುತ್ತಿದ್ದವು. ಇನ್ನು ಬಟ್ಟಲು ಯಾವುದು? ಚಿಕ್ಕದಾದರೆ ಕೈ ತೂರದು, ದೊಡ್ಡದಾದರೆ ಈ ಮಷಿನ್ನು ತಿರುಗಿಸಲಾರದು. ಕೊರಳ ಟೇಪು ಹಿಡಿದು ಒಂದು ಕ್ಷಣ ತಡವರಿಸಿದಳು. ಆಮೇಲೆ ತಟ್ಟನೆ ಕೈಯ ಬಳೆಯೊಂದನ್ನು ಕಳಚಿ ಬಟ್ಟಲುಗಳ ಮೇಲೆ ಒಂದೊಂದಾಗಿ ಇಟ್ಟು ನೋಡಿದಳು. ಬಳೆ ದಾಟುವ ಕೈ ಅಷ್ಟೇ ಅಗಲದ ತೂತನ್ನೂ ದಾಟಲೇಬೇಕಲ್ಲ. ಬಳೆಗಿಂತ ಕೂದಲೆಳೆಯಷ್ಟು ದೊಡ್ಡದೊಂದು ಸಿಕ್ಕಿತು.

"ಚಿಲಕ ಎಲ್ಲಿ ಬರುತ್ತೆ, ಮಾವ?"

"ಹಿಡಿಕೆಯಿಂದ ಒಂದು ಗೇಣು ಮೇಲೆ. ಅಲ್ಲಿ ಕೊರೀಬೇಡ, ಹಿತ್ತಾಳೆಗೆ ತಾಗುತ್ತೆ. ಅದರ ಕೆಳಗೆ ಒಂದು ಹಿಡಿ ಬಿಡು. ಗೇಣು ಅಂದ್ರೆ ನನ್ನ ಗೇಣು, ನಿನ್ನ ಗೇಣಿಗೆ ನಾಲ್ಕು ಬೆರಳು ಸೇರಿಸು."

ಅವಳು ಅಳೆದು ಗುರುತು ಹಾಕಿ ಮಷಿನ್ನು ಒತ್ತಿದಳು. ನಡುವಿನ ಮೊಳೆ ಸಲೀಸಾಗಿ ಇಳಿಯಿತು. ಬಟ್ಟಲಿನ ಹಲ್ಲು ಮರಕ್ಕೆ ತಾಗಿದ್ದೇ ಮಷಿನ್ನು ಎಗರಿ ಅವಳ ಮಣಿಕಟ್ಟನ್ನು ತಿರುಚಿತು. ಹಲ್ಲು ಕಚ್ಚಿ ಇನ್ನೂ ಒತ್ತಿದಳು. ಕಿರ್ರೆಂದು ಚೀರಿತು, ಹೊಗೆ ಎದ್ದಿತು, ಸುಟ್ಟ ಮರದ ವಾಸನೆ ಬಂತು. ಬಟ್ಟಲು ಮಾತ್ರ ನಿಂತಲ್ಲೇ ಸುತ್ತುತ್ತಿತ್ತು.

"ಹಾಳಾದ್ದು, ಇದರ ಹಲ್ಲಿಗೆ ಮರವೇ ಹತ್ತಲ್ಲ!"

"ಡಬ್ಬೀನ ಬಯ್ಯಬೇಡ," ಎಂದರು ಮಾವ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಒತ್ತಿದ್ದಕ್ಕೇ ಸುಡ್ತಿದೆ, ಸದ್ದಲ್ಲೇ ಗೊತ್ತಾಗುತ್ತೆ. ಆಚೆ ತೆಗಿ, ಹೊಟ್ಟು ಊದು. ಮೆಲ್ಲಗೆ ಬಿಡು, ಅದೇ ತಿನ್ಕೊಂಡು ಹೋಗ್ಲಿ."

ಊದಿದಳು. ಕೈ ಸಡಿಲ ಬಿಟ್ಟಳು. ಚೀರಾಟ ಕಡಿಮೆಯಾಗಿ ಗೊರಗೊರ ಸದ್ದು ಶುರುವಾಯಿತು. ಕೆಂಗಂದು ಹೊಟ್ಟು ಉದುರುತ್ತ ಬಂತು. ಬೆಳಗಿನ ತನಕ ಬಿಸ್ಕತ್ತಿನ ಡಬ್ಬಿಯಾಗಿದ್ದದ್ದು ಮಾವನ ಬಾಯಲ್ಲಿ ಈಗ "ಅದು, ಪಾಪ" ಆಗಿತ್ತು. "ಅದಕ್ಕೆ ಉಸಿರು ಬೇಕು, ಪಾಪ. ತೆಗೆದು ತೆಗೆದು ಬಿಡು." ಮಾತಿನ ನಡುವೆ ಅವರ ಉಸಿರಾಟ ಕೇಳಿಸುತ್ತಿತ್ತು. ಅದು ಮೊದಲಿನಷ್ಟು ಸಲೀಸಾಗಿರಲಿಲ್ಲ.

ಬಟ್ಟಲು ಪೂರ್ತಿ ಮುಳುಗಿತು. ಇನ್ನೊಂದು ಕಡೆ ಮಾತ್ರ ಬೆಳಕಿಲ್ಲ. ಬಟ್ಟಲಿನ ಆಳಕ್ಕಿಂತ ಬಾಗಿಲು ದಪ್ಪ! ಅಂಗಡಿಯಿಂದ ತಂದ ಬಾಗಿಲಾಗಿದ್ದರೆ ಇಷ್ಟು ಹೊತ್ತಿಗೆ ತೂತಾಗಿರುತ್ತಿತ್ತು.

"ಮಾವ, ಮುಳುಗಿಹೋಯ್ತು. ಇನ್ನು ಒಳಗೆ ಹೋಗಲ್ಲ."

"ನಾನು... ದಪ್ಪ ಬಿಟ್ಟಿದ್ದೆ," ಎಂದರು ಮಾವ. ಆ ಮಾತಿನಲ್ಲಿ ಬಿಂಕವಿರಲಿಲ್ಲ. "ನನ್ನ ಪೆಟ್ಟಿಗೆಯಿಂದ ಅಗಲದ ಉಳಿ ತಗೋ. ನಡುವಿನ ತುಂಡು ಒಡೆದು ಎಬ್ಬಿಸು. ಆಮೇಲೆ ಮತ್ತೆ ಡಬ್ಬಿ ಇಡು."

ಆ ಪೆಟ್ಟಿಗೆಯನ್ನು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಸ್ವಂತ ಮಗನೂ ಸ್ಕ್ರೂ ಡ್ರೈವರಿಗೆ ಅಕ್ಕಪಕ್ಕದ ಮನೆಗೆ ಹೋಗುತ್ತಿದ್ದ. ಅವಳು ಮುಚ್ಚಳ ತೆಗೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉಳಿ ಎತ್ತಿಕೊಂಡಳು. ಡ್ರೈವರು ಸುತ್ತಿಗೆ ಹಿಡಿದ. ಏಟು ಬಿದ್ದಂತೆಲ್ಲ ಮರ ಸೀಳು ಸೀಳಾಗಿ ಎದ್ದು ಬಂತು. ಮತ್ತೆ ಬಟ್ಟಲು ಇಟ್ಟು ತಿರುಗಿಸಿದಳು.

"ಹೊಟ್ಟು ಬೀಳ್ತಿದೆ," ಎಂದರು ಮಾವ. "ಮುಖದ ಮೇಲೆ. ಒಳ್ಳೆ ವಾಸನೆ ಕಣಮ್ಮ..."

"ಮೊಳೆ ಒಳಗೆ ಬಂತಾ? ಕಾಣ್ತಿದೆಯಾ, ಮಾವ?"

ಅವಳು ಮಷಿನ್ನು ನಿಲ್ಲಿಸಿ ಬಾಗಿಲು ತಟ್ಟಿದಳು.

"ಮಾವ? ಮಾತಾಡ್ತಾ ಇರಿ. ಬಯ್ತಾನಾದ್ರೂ ಇರಿ!"

ನಲ್ಲಿ ತೊಟ್ಟಿಕ್ಕುತ್ತಿತ್ತು. ಇದ್ದ ಬಲವೆಲ್ಲ ಹಾಕಿ ಒತ್ತಿಬಿಡಬೇಕು ಎಂದು ಅವಳಿಗೆ ಅನ್ನಿಸಿತು. ಒತ್ತಿದರೆ ಸುಡುತ್ತದೆ, ಸುಟ್ಟರೆ ಹಲ್ಲು ಹೋಗುತ್ತದೆ, ಹೋದರೆ ಇನ್ನೊಂದಿಲ್ಲ. ಒತ್ತಲಿಲ್ಲ. ತೆಗೆದಳು, ಊದಿದಳು, ಬಿಟ್ಟಳು. ಟಣ್ ಎಂದು ಹಲ್ಲೊಂದು ಮುರಿದು ಗೋಡೆಗೆ ಹಾರಿತು. ಬಟ್ಟಲು ಓಲಾಡತೊಡಗಿತು. "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎಂದು ಅವಳು ಗೊಣಗುತ್ತಿದ್ದದ್ದು ಮಾವನಿಗೋ ಆ ಅಗ್ಗದ ಕಬ್ಬಿಣಕ್ಕೋ, ಅವಳಿಗೇ ಗೊತ್ತಿರಲಿಲ್ಲ. ಒಮ್ಮೆಲೇ ಮಷಿನ್ನು ಮುಂದಕ್ಕೆ ಮುಗ್ಗರಿಸಿತು. ಹಿಂದಕ್ಕೆ ಎಳೆದಾಗ ಬಾಗಿಲಲ್ಲಿ ಬಚ್ಚಲಿನ ದೀಪದ ಬೆಳಕು ದುಂಡಗೆ ಕಾಣಿಸಿತು.

ಉಳಿದ ಬಳೆಗಳನ್ನೂ ಕಿತ್ತೆಸೆದು ಕೈ ತೂರಿಸಿದಳು. ಸೀಳಿದ ಮರದ ಸಿಬಿರುಗಳು ಮುಂಗೈ ಉದ್ದಕ್ಕೂ ಕೆರೆದವು. ಮೊಣಕೈವರೆಗೆ ನುಗ್ಗಿಸಿ, ಬೆರಳು ಮೇಲಕ್ಕೆ ಮಡಚಿ ತಡಕಿದಳು. ಹಿತ್ತಾಳೆ ಸಿಕ್ಕಿತು. ಬೇಕೆಂದೇ ಜೋರಾಗಿ ಹಾಕಿದ್ದ ಚಿಲಕ. ಎರಡು ಸಲ ಜಾರಿ ಮೂರನೆಯ ಸಲ ಸರಿಯಿತು.

ಬಾಗಿಲು ಒಂದು ಗೇಣಷ್ಟೇ ತೆರೆಯಿತು. ಕಡ್ಡಿಯಂತಿದ್ದವಳಿಗೆ ಅಷ್ಟು ಸಾಕಾಯಿತು. ಮಾವ ಬಾಗಿಲಿಗೂ ಗೋಡೆಗೂ ನಡುವಿನ ಮೂಲೆಗೆ ಒರಗಿದ್ದರು. ಟವೆಲ್ ಕೆಂಪಾಗಿ ನೆನೆದಿತ್ತು. ಮುಖದ ಮೇಲೆ, ರೆಪ್ಪೆಯ ಮೇಲೆ, ತೇಗದ ಹೊಟ್ಟು. ಅವಳು ಕೆನ್ನೆ ತಟ್ಟಿದಳು, ಮತ್ತೆ ತಟ್ಟಿದಳು. ಕಣ್ಣು ಅರ್ಧ ತೆರೆದವರು ಅವಳನ್ನು ನೋಡಲಿಲ್ಲ, ಅವಳ ತಲೆಯ ಮೇಲೆ ಬಾಗಿಲಲ್ಲಿದ್ದ ತೂತನ್ನು ನೋಡಿದರು.

"ಓರೆಯಾಗಿದೆ," ಎಂದರು.

ಅವಳು ಗೊಳೋ ಎಂದು ಅತ್ತುಬಿಟ್ಟಳು. ಹೊರಗೆ ಡ್ರೈವರು "ಬದುಕಿದಾರೆ! ಸ್ಟ್ರೆಚರ್ ತನ್ನಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತ ಗೇಟಿನ ಕಡೆ ಓಡಿದ.

ತಲೆಗೆ ಹೊಲಿಗೆ ಹಾಕಿಸಿಕೊಂಡು, ಸೊಂಟಕ್ಕೆ ರಾಡು ಕೂರಿಸಿಕೊಂಡು ಮಾವ ಮನೆಗೆ ಬರುವ ಹೊತ್ತಿಗೆ ಅವಳ ಮುಂಗೈಯ ಗಾಯ ಒಣಗಿ ಉದ್ದುದ್ದ ಗೆರೆಗಳಾಗಿ ಉಳಿದಿತ್ತು. ತೂತಿಗೆ ಅವಳು ಒಳಗಿಂದ ಒಂದು ಬಟ್ಟೆಯ ಪರದೆ ಹೊಡೆದಿದ್ದಳು. ಮಗ ಬಾಗಿಲ ಮುಂದೆ ನಿಂತು, "ಬಡಗೀನ ಕರೆಸಿ ಇದನ್ನ ಮುಚ್ಚಿಸಿಬಿಡ್ತೀನಪ್ಪ. ಇಲ್ಲಾಂದ್ರೆ ಹೊಸ ಬಾಗಿಲೇ ಹಾಕಿಸೋಣ," ಅಂದ.

"ಬಡಗೀನ ಕರೆಸ್ತೀಯಾ? ನನ್ನ ಮನೆಗೆ?" ಎಂದರು ಮಾವ. ಮಗ ಮಾತು ಬದಲಿಸಿ ಲಾರಿ ತೊಳೆಯಲು ಹೋದ.

ಮಾರನೆಯ ದಿನ ಅಂಗಿಯೊಂದಕ್ಕೆ ಕಾಜ ಹಾಕುತ್ತ ಕೂತಿದ್ದವಳಿಗೆ ಬಚ್ಚಲ ಕಡೆಯಿಂದ ಸರಸರ ಸದ್ದು ಕೇಳಿತು. ಮತ್ತೆ ಬಿದ್ದರೇನೋ ಎಂದು ಓಡಿದಳು. ಮಾವ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಊರುಗೋಲು ಗೋಡೆಗೆ ಒರಗಿತ್ತು. ಪರದೆ ಕಳಚಿ ತೊಡೆಯ ಮೇಲೆ ಹಾಕಿಕೊಂಡಿದ್ದರು. ಮರಳು ಕಾಗದವನ್ನು ಬೆರಳಿಗೆ ಸುತ್ತಿಕೊಂಡು ತೂತಿನ ಒಳಅಂಚನ್ನು ಉಜ್ಜುತ್ತಿದ್ದರು. ಕೈ ನಡುಗುತ್ತಿತ್ತು, ನಡುಗುವ ಕೈಗೆ ಎಡಗೈಯ ಆಸರೆ ಕೊಟ್ಟುಕೊಂಡಿದ್ದರು. ಸಿಬಿರುಗಳೆಲ್ಲ ಹೋಗಿ ಅಂಚು ನುಣುಪಾಗುತ್ತ ಬಂದಿತ್ತು.

ಅವಳು ಬಂದದ್ದು ತಿಳಿದರೂ ಅವರು ತಿರುಗಲಿಲ್ಲ. ಹೊಟ್ಟು ಊದಿದರು. ಬೆರಳಿನಿಂದ ಸುತ್ತಲೂ ಒಮ್ಮೆ ಸವರಿ ನೋಡಿ, ಒಂದು ಕಡೆ ಮತ್ತೆ ನಾಲ್ಕು ಸಲ ಉಜ್ಜಿದರು.

"ಈಗ ಕೈ ಹಾಕು," ಎಂದರು.

ಅವಳು ಬಳೆ ತೆಗೆಯದೆಯೇ ಕೈ ಹಾಕಿದಳು. ಬಳೆ ಅಂಚಿಗೆ ತಾಗಿ ಸಣ್ಣಗೆ ಸದ್ದಾಯಿತು. ಮೊಣಕೈವರೆಗೆ ಎಲ್ಲೂ ತರಚಲಿಲ್ಲ. ಮಾವ ಅವಳ ಕೈಯನ್ನೇ ನೋಡುತ್ತ, ಕಾಗದವನ್ನು ಮಡಚಿ ಇನ್ನೊಂದು ಮಗ್ಗುಲು ಮಾಡಿಕೊಂಡರು.