ಒಂದೇ ಒಂದು ಹಸಿರು ಬಳೆ

ಮುಂದಿನ ಸೀಟಿನ ಕಂಬಿ ಹಿಡ್ಕೊಂಡಿರೋ ಹೆಂಗಸಿನ ಬಳೆಗಳು, ಬಸ್ಸು ಕುಲುಕಿದಾಗೆಲ್ಲ ಗಲ್ ಅಂತಾವೆ, ಇವತ್ತೇ ಹಸಿರು ಬಳೆ ಕಣ್ಣಿಗೆ ಬೀಳ್ಬೇಕಾ — ಚಿಕ್ಕಬಳ್ಳಾಪುರ ದಾಟ್ತು, ಇನ್ನು ಶಿಡ್ಲಘಟ್ಟ, ಅಕ್ಕನ ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್, ಬಸ್‌ಸ್ಟ್ಯಾಂಡಲ್ಲೇ ನಿಂತಿರ್ತಾಳೆ, ಏನಂತೆ ಶೋಭಾ ಅಂತಾಳೆ, ಏನು ಹೇಳ್ಲಿ, ಬೆಂಗಳೂರಿನ ಲ್ಯಾಬಲ್ಲಿ ಇಷ್ಟು ವರ್ಷ ಯಾರ್ಯಾರದೋ ಮಕ್ಕಳ ಸ್ನಾಯು ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಟ್ಟಿದ್ದೀನಿ, ಅಕ್ಕನ ಮಗ ಮುನೇಶನ ತೊಡೆಯ ಚೂರು ನನ್ನ ಕೈಗೇ ಬರತ್ತೆ ಅಂತ ಕನಸು ಕಂಡಿದ್ನಾ. ಅದರ ಮೇಲೆ ಆಂಟಿಬಾಡಿ ಹನಿ ಹಾಕಿದೆ. ಡಿಸ್ಟ್ರೋಫಿನ್ ಅಂತ ಒಂದು ಪ್ರೋಟೀನು, ಸ್ನಾಯುವಿನ ಒಂದೊಂದು ಎಳೆಗೂ ಸುತ್ತ ಅಂಚು ಕಟ್ಟಿ ಹರಿಯದಂಗೆ ಕಾಯತ್ತೆ, ಆಂಟಿಬಾಡಿ ಹೋಗಿ ಅದನ್ನೇ ಹುಡುಕಿ ಹಿಡ್ಕೊಳ್ಳತ್ತೆ, ಮೇಲೆ ಬಣ್ಣ ಹಾಕಿದ್ರೆ ಕತ್ತಲಲ್ಲಿ ಹಸಿರಾಗಿ ಹೊಳೆಯತ್ತೆ, ಆರೋಗ್ಯವಾಗಿರೋರ ಸ್ನಾಯು ಅಂದ್ರೆ ಬಳೆಗಾರ ಮಲಾರ ಬಿಚ್ಚಿದಂಗೆ, ಬಳೆ ಪಕ್ಕ ಬಳೆ. ಮುನೇಶನದ್ರಲ್ಲಿ ಬರೀ ಕತ್ತಲೆ. ಮೂಲೇಲಿ ಒಂದೇ ಒಂದು ಬಳೆ.

ಆಂಟಿಬಾಡಿ ಕೆಟ್ಟಿರ್ಬೇಕು, ಹೌದು, ಕರೆಂಟ್ ಹೋಗಿ ಫ್ರಿಜ್ ಬಿಸಿಯಾಗಿತ್ತಲ್ಲ — ಆದ್ರೆ ಅದೇ ಗಾಜಿನ ಮೇಲೆ ಪಕ್ಕದಲ್ಲೇ ಇನ್ನೊಬ್ಬರ ಒಳ್ಳೇ ಸ್ನಾಯು ಇಟ್ಟಿರ್ತೀವಿ, ತಾಳೆ ನೋಡೋಕೆ, ಅದು ಝಗ್ ಅಂತ ಹೊಳೀತಿತ್ತು, ಅದೇ ಹನಿ, ಅದೇ ಕೈ. ಆಂಟಿಬಾಡಿಯ ಹೊಸ ಸೀಸೆ ತೆಗೆದು ಮತ್ತೆ ಮಾಡಿದೆ, ಮತ್ತೆ ಅದೇ ಕತ್ತಲೆ, ಅದೇ ಒಂದು ಬಳೆ. ನೋಡಿ ಮೇಡಂ, ಒಂದಾದ್ರೂ ಇದೆ ಅಂದೆ, ಡಾಕ್ಟರ್ ಪಂಕಜ ಮೇಡಂ ಭುಜದ ಮೇಲೆ ಕೈಯಿಟ್ರು, ಎಲ್ಲೋ ಒಂದು ಎಳೆ ಹಂಗೆ ಬರತ್ತೆ ಕಣಮ್ಮ, ಅದನ್ನ ಲೆಕ್ಕಕ್ಕೆ ಹಿಡೀಬಾರದು, ನಿಂಗೇ ಗೊತ್ತಲ್ಲ. ಗೊತ್ತು. ಇನ್ನೊಂದಷ್ಟು ವರ್ಷಕ್ಕೆ ನಡಿಗೆ ನಿಲ್ಲತ್ತೆ, ಆಮೇಲೆ ಉಸಿರು, ಚಿಕ್ಕ ವಯಸ್ಸಲ್ಲೇ ಹೋದ ನಲ್ಲಪ್ಪ ಮಾವನಿಗೆ ಆದಂಗೆ, ಆಗ ಗಾಳಿ ಸೋಕಿದೆ ಅಂದ್ರು, ಈಗ ಎಲ್ರೂ ಅಕ್ಕನ ಗಂಡ ಬಯ್ಯಪ್ಪ ಮಾವನ್ನೇ ಅಂತಾರೆ, ನಲ್ಲಪ್ಪನ ತಮ್ಮ ಅಲ್ವಾ, ಅದೇ ರಕ್ತ, ಅದೂ ಸಾಲದು ಅಂತ ತನ್ನ ಸ್ವಂತ ಅಕ್ಕನ ಮಗಳನ್ನೇ ಕಟ್ಕೊಂಡ, ಅದಕ್ಕೇ ಮಗ ಹಿಂಗೆ. ಪಾಪ, ಮಾವ ತಲೆ ಎತ್ತದೆ ಊಟ ಮಾಡ್ತಾನೆ. ನಾನೂ ಹಂಗೇ ಅಂದ್ಕೊಂಡಿದ್ದೆ, ಹೊರಗಿನ ಸಂಬಂಧದಲ್ಲಿ ಮದುವೆ ಆದೆ, ಬಚಾವಾದೆ ಅಂತ. ಆದ್ರೆ ಮಾವ ನೆಟ್ಟಗೆ ಓಡಾಡ್ತಾನಲ್ಲ, ಓಡಾಡೋ ಗಂಡಸಿನ ಹತ್ರ ಕೊಡೋಕೆ ಈ ಕಾಯಿಲೆ ಇರಲ್ಲ, ಇದನ್ನ ಹೊರೋರು ಹೆಂಗಸ್ರು, ತಮಗೇನೂ ಆಗದಂಗೆ ಗಂಡುಮಕ್ಕಳಿಗೆ ದಾಟಿಸಿಬಿಡ್ತಾರೆ. ನಲ್ಲಪ್ಪ ಮಾವ ಅಮ್ಮನಿಗೂ ಒಡಹುಟ್ಟಿದವನೇ ಅಲ್ವಾ, ಅದನ್ಯಾಕೆ ಎಲ್ರೂ ಮರೆತ್ರು. ಅವರಿಬ್ಬರನ್ನೂ ಹೆತ್ತ ಕದಿರಮ್ಮಜ್ಜಿಯಿಂದ ಅಮ್ಮ, ಅಮ್ಮನಿಂದ ಅಕ್ಕ, ಅಮ್ಮನಿಂದ ನಾನೂನಾ — ಕೈ ತಾನಾಗೇ ಹೊಟ್ಟೆ ಮೇಲೆ ಹೋಗತ್ತೆ, ಐದನೇ ತಿಂಗಳು, ನಾಳೆ ಬಳೆ ತೊಡಿಸ್ತೀವಿ ಬಾರಮ್ಮ ಅಂದಿದ್ದಾಳೆ ಅಮ್ಮ. ಭಯ ಆಗತ್ತೆ ನಂಗೆ. ಹೇಳಿದ್ರೆ ಮಾವ ತಲೆ ಎತ್ತಾನೆ, ಆ ಭಾರ ಹೋಗಿ ಅಕ್ಕನ ಮೇಲೆ ಕೂರತ್ತೆ, ಅಮ್ಮನ ಮೇಲೆ, ಹೇಳ್ದೆ ಇದ್ರೆ ಅವನು ಸಾಯೋ ತನಕ ಹಂಗೇ ಬಗ್ಗಿ ಉಣ್ತಾನೆ.

ಶಿಡ್ಲಘಟ್ಟ, ಇಳೀರಿ ಇಳೀರಿ — ಅಕ್ಕ ಕಿಟಕಿ ಹತ್ರ ಓಡಿ ಬರ್ತಿದ್ದಾಳೆ, ಮಾವ ದೂರದಲ್ಲೇ ನಿಂತಿದ್ದಾನೆ, ಕೈಲಿ ಬಳೆ ಪೊಟ್ಟಣ, ಮುನೇಶ ನೆಲದಿಂದ ಏಳ್ತಿದ್ದಾನೆ, ಮಂಡಿ ಮೇಲೆ ಕೈ ಊರಿ, ಆಮೇಲೆ ತೊಡೆ ಮೇಲೆ, ತನ್ನ ಮೈಯನ್ನ ತಾನೇ ಹತ್ತಿದಂಗೆ, ಎದ್ದ, ನಗ್ತಾನೆ, ಚಿಕ್ಕಮ್ಮಾ ಇದು ನಿಂಗೇ, ನಾನೇ ಆರಿಸಿದ್ದು, ಅಂತ ಪೊಟ್ಟಣದಿಂದ ತೆಗೆದದ್ದನ್ನ ತನ್ನ ಕಣ್ಣಿಗೆ ಅಡ್ಡ ಹಿಡೀತಾನೆ, ಏನಂತೆ ಶೋಭಾ, ಏನಂತೆ — ಅವನ ಕಪ್ಪು ಕಣ್ಣಿನ ಸುತ್ತ ಒಂದೇ ಒಂದು ಹಸಿರು ಬಳೆ