ನವಾಬನ ಎಡೆಗೆ ಬಂದವರು

ನನಗೆ ಇಬ್ಬರು ಅತ್ತೆಯರಿದ್ದರು. ಒಬ್ಬರು ಗಂಡನ ತಾಯಿ ಗ್ಯಾನಮ್ಮ, ಇನ್ನೊಬ್ಬ ನವಾಬ. ನವಾಬ ನಮ್ಮ ಮನೆಯ ಗಿಣಿ. ಗುರುಗುಂಟಾದಿಂದ ಸೊಸೆಯಾಗಿ ವಳಕಮದಿನ್ನಿಗೆ ಬಂದ ಹೊಸತರಲ್ಲಿ ಒಂದು ಬೆಳಗ್ಗೆ, "ಮಾಲಕ್ಷ್ಮೀ, ಏಳಬೇ, ಹಾಲು ಉಕ್ಕಾಕತ್ತೈತಿ!" ಎಂಬ ಕೂಗು ಕೇಳಿ ಎದ್ದುಬಿದ್ದು ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಗೂಟದ ಮೇಲೆ ಇವನು ಕತ್ತು ಓರೆ ಮಾಡಿಕೊಂಡು ಕೂತಿದ್ದ. ಅದೇ ದನಿ, ಅದೇ ಗದರಿಕೆ. ಒಬ್ಬ ಅತ್ತೆಗೆ ಉತ್ತರ ಕೊಟ್ಟೇ ಸಾಕಾಗಿರುವಾಗ ಇವನಿಗೂ "ಬಂದೆ ಅತ್ತಿ" ಅನ್ನಬೇಕಾದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಮರಿಯಿದ್ದಾಗ ಮಳೆಗಾಳಿಗೆ ಬೇವಿನ ಮರದಿಂದ ಬಿದ್ದು ಅವನ ರೆಕ್ಕೆ ಮುರಿದಿತ್ತಂತೆ. ಅತ್ತೆ ಅರಿಶಿನ ಹಚ್ಚಿ ಬದುಕಿಸಿದರು. ಹಾರಲು ಮಾತ್ರ ಬರಲಿಲ್ಲ. ಪಂಜರ ಗಿಂಜರ ಏನೂ ಇಲ್ಲ, ಮನೆಯೆಲ್ಲ ಅವನದೇ. ಇದರಲ್ಲಿ ಮಾವನವರ ಪಾಡು ಕೇಳಬೇಡಿ. ಭತ್ತದ ಬೆಳೆಗಾರರಿಗೆ ಗಿಣಿಗಿಂತ ದೊಡ್ಡ ವೈರಿ ಇಲ್ಲ. ತೆನೆ ಹಾಲುಗಾಳು ಕಟ್ಟಿತೆಂದರೆ ಯಮನೂರಪ್ಪ ಮಾವ ಹಗಲೆಲ್ಲ ಗದ್ದೆಯ ಬದುವಿನ ಮೇಲೆ ನಿಂತು ತಗಡಿನ ಡಬ್ಬಿ ಬಡಿದು, "ಹೋಯ್! ಹೋಯ್!" ಎಂದು ಗಿಣಿ ಹಿಂಡುಗಳನ್ನು ಅಟ್ಟುತ್ತಿದ್ದರು. ಸಂಜೆ ಮನೆಗೆ ಬಂದು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಕಿಸೆಯಿಂದ ಒಂದು ತೆನೆ ತೆಗೆದು ನವಾಬನ ಮುಂದೆ ಹಿಡಿಯುತ್ತಿದ್ದರು. "ತಿನ್ನಲೇ ಕಳ್ಳ, ನಿಮ್ಮ ಮಂದಿ ಹೆಂಗೂ ನನ್ನ ಮನಿ ತೊಳ್ಯಾಕತ್ತೈತಿ" ಎನ್ನುತ್ತಿದ್ದರು.

ಆ "ಹೋಯ್" ಕೂಗನ್ನೂ ನವಾಬ ಬಿಡಲಿಲ್ಲ, ಕಲಿತುಬಿಟ್ಟ. ಮಾಳಿಗೆಯ ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಹಾಕಿದರೆ ಅವನನ್ನು ಅಲ್ಲಿ ಕೂರಿಸಿ ನಾವು ನಿಶ್ಚಿಂತೆಯಿಂದ ಇರಬಹುದಿತ್ತು. ಕಾಗೆ ಕಂಡರೆ ಸಾಕು, "ಹೋಯ್!" ಎಂದು ಮಾವನ ಗಂಟಲಲ್ಲಿ ಗುಡುಗುತ್ತಿದ್ದ. ಊರ ಕಾಗೆಗಳಿಗೆಲ್ಲ ನಮ್ಮ ಮಾಳಿಗೆಯೆಂದರೆ ಹೆದರಿಕೆ.

ಈ ಸಲ ಚಳಿ ಬಿದ್ದ ಮೊದಲ ವಾರ ಒಂದು ಬೆಳಗ್ಗೆ ಅವನು ಗೂಟದ ಕೆಳಗೆ ಬಿದ್ದಿದ್ದ. ಮುದುಕನಾಗಿದ್ದ, ಹೋದ. ಅತ್ತೆ ತಮ್ಮ ಹೊಸ ಕುಬುಸದ ಬಟ್ಟೆಯಲ್ಲಿ ಅವನನ್ನು ಸುತ್ತಿ ಕೊಟ್ಟರು. ಮಾವ ಹಿತ್ತಲ ಪೇರಲ ಗಿಡದ ಬುಡದಲ್ಲಿ ಮಣ್ಣು ಮಾಡಿದರು. ಅಂದಿನಿಂದ ಅತ್ತೆಯ ಹೊಟ್ಟೆಗೆ ಚಹಾ ಬಿಟ್ಟರೆ ಬೇರೇನೂ ಇಳಿಯಲಿಲ್ಲ.

"ಅತ್ತಿ, ಒಂದು ತುತ್ತು ತಿನ್ರಿ. ನೀವೂ ಹಾಸಿಗಿ ಹಿಡಿದ್ರ ನಾ ಏನು ಮಾಡ್ಲಿ?" ಎಂದು ರೇಗಿದೆ.

"ಮೂರನೇ ದಿನ ಕಾಗಿ ಮುಟ್ಲಿ ಬೇ. ಅವ ಉಂಡ ಮ್ಯಾಲ ನಾ ಉಣ್ತೀನಿ" ಎಂದರು.

ನಮ್ಮಲ್ಲಿ ಮನುಷ್ಯರು ಸತ್ತರೆ ಹೀಗೆಯೇ. ಸತ್ತವರಿಗೆ ಪ್ರೀತಿಯಾದದ್ದನ್ನೆಲ್ಲ ಎಡೆ ಇಡುತ್ತಾರೆ. ಕಾಗೆ ಮುಟ್ಟಿದರೆ ಜೀವ ತೃಪ್ತಿಯಾಯಿತೆಂದು ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆಯೆಂದು ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡುತ್ತಾರೆ. ಗಿಣಿಗೆ ಹೀಗೆ ಮಾಡಿದ್ದನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ಆದರೆ ಅತ್ತೆಯ ಮುಖ ನೋಡಿ ಎಡೆಗೆ ಬೇಕಾದ್ದನ್ನು ಹೊಂದಿಸತೊಡಗಿದೆ.

ಮೂರನೇ ದಿನ ಮುತ್ತುಗದ ಎಲೆಯಲ್ಲಿ ಹಸಿಮೆಣಸಿನಕಾಯಿ, ಪೇರಲಹಣ್ಣು, ಶೇಂಗಾ, ಸಜ್ಜೆ ರೊಟ್ಟಿಯ ಚೂರು ಬಡಿಸಿ ಮಾಳಿಗೆಯ ಮೇಲಿಟ್ಟೆವು. ಕಾಗೆಗಳು ಕರೆಂಟಿನ ತಂತಿಯ ಮೇಲೆ ಸಾಲಾಗಿ ಕೂತವು. ಒಂದೂ ಇಳಿಯಲಿಲ್ಲ.

ನನ್ನ ಗಂಡ ಹುಲಿಗೇಶ ಕೈಮುಗಿದು, "ನವಾಬ, ನಿನ್ನ ಗೂಟ ಕೀಳಂಗಿಲ್ಲಪ್ಪ" ಎಂದ. ಇಳಿಯಲಿಲ್ಲ. ನಾನೂ, "ಇನ್ನ ಮ್ಯಾಲ ಅತ್ತಿಗೆ ಎದುರು ಮಾತಾಡಂಗಿಲ್ಲ" ಎಂದೆ. ಅದಕ್ಕೂ ಇಳಿಯಲಿಲ್ಲ. ಆ ಮಾತನ್ನು ಕಾಗೆಗಳೂ ನಂಬಲಿಲ್ಲವೆಂದು ಕಾಣುತ್ತದೆ. ಬಿಸಿಲು ಏರಿತು. ಅತ್ತೆ ಗೋಡೆಗೆ ಒರಗಿ ಕೂತರು, ತುಟಿ ಒಣಗಿದ್ದವು. ನನಗೆ ನಿಜವಾಗಿಯೂ ಭಯವಾಯಿತು.

ಪಕ್ಕದ ಮನೆಯ ರಾಜಾಬೀ ತಮ್ಮ ಮಾಳಿಗೆಯಿಂದ ಇಣುಕಿ, "ಗ್ಯಾನಕ್ಕಾ, ಅವು ಹೆಂಗ ಬರ್ತಾವ? ಜಿಂದಗಿ ತುಂಬ ಅವನ ಕಡೆ ಬೈಸಿಕೊಂಡಾವ" ಎಂದರು.

ಮಾವ ಎದ್ದು ಎಲೆಯನ್ನು ಎತ್ತಿಕೊಂಡರು.

"ಮನುಷ್ಯಾರು ಸತ್ರ ಕಾಗಿ ಬರ್ತಾವ. ಗಿಣಿ ಸತ್ರ ಕಾಗಿಗೇನು ಕೆಲಸ? ಅವನ ಬಳಗ ನನ್ನ ಗದ್ದ್ಯಾಗ ಐತಿ. ನಡೀರಿ."

ಅತ್ತೆಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹುಲಿಗೇಶ ನಿಧಾನವಾಗಿ ಹೊರಟ. ನಾನು ರೊಟ್ಟಿಯ ಬುತ್ತಿ ಹಿಡಿದು ಮಾವನ ಹಿಂದೆ ನಡೆದೆ. ಕಾಲುವೆಯ ಪಕ್ಕದ ನಮ್ಮ ಗದ್ದೆಯಲ್ಲಿ ತೆನೆ ಬಾಗಿ ನಿಂತಿದ್ದವು. ಮಾವ ಎಡೆಯನ್ನು ಬದುವಿನ ಮೇಲಿಟ್ಟು, ಎರಡು ತೆನೆ ಮುರಿದು ಎಲೆಗೆ ಹಾಕಿದರು. ನಮ್ಮ ಜೊತೆ ಬೇವಿನ ನೆರಳಿಗೆ ಬಂದು, ಡಬ್ಬಿಯನ್ನು ಪಕ್ಕದಲ್ಲಿ ಬೋರಲು ಹಾಕಿ ಕೂತರು.

ಸ್ವಲ್ಪ ಹೊತ್ತಿಗೆ ಹಿಂಡು ಬಂತು. ಕಿರುಚುತ್ತಾ ಗದ್ದೆಯ ಮೇಲೆ ಒಂದು ಸುತ್ತು ಹಾಕಿ ತೆನೆಗಳ ಮೇಲೆ ಇಳಿಯಿತು. ಮಾವನ ಕೈ ಅಭ್ಯಾಸಬಲದಿಂದ ಡಬ್ಬಿಯ ಕಡೆ ಹೋಯಿತು, ಮತ್ತೆ ಮಡಿಲಿಗೆ ಬಂತು. ವರ್ಷವಿಡೀ ಬೆವರು ಸುರಿಸಿದ ಬೆಳೆ ಕಣ್ಣೆದುರೇ ಹೋಗುತ್ತಿರುವಾಗ ಸುಮ್ಮನೆ ಕೂರುವುದು ಆ ಮನುಷ್ಯನಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು.

ಅಷ್ಟರಲ್ಲಿ ಆಚೆ ಬದುವಿನಿಂದ ಡಣಡಣ ಸದ್ದು ಕೇಳಿತು. ಪಕ್ಕದ ಗದ್ದೆಯ ತಾಯಪ್ಪ, ಪಾಪ, ನಮಗೆ ಉಪಕಾರ ಮಾಡುತ್ತಿದ್ದ. ಗಿಣಿಗಳು ಬೆದರಿ ಮೇಲೆದ್ದವು. ಅತ್ತೆ ಕಣ್ಣು ಮುಚ್ಚಿಕೊಂಡರು.

ಮಾವ ಎದ್ದು ಟವೆಲು ಬೀಸುತ್ತಾ, ಜಾರುವ ಬದುವಿನ ಮೇಲೆ ಓಡತೊಡಗಿದರು.

"ಲೇ ತಾಯಪ್ಪಾ! ಡಬ್ಬಿ ನಿಂದ್ರಸಲೇ! ನಮ್ಮನಿ ಬೀಗರು ಬಂದಾರ, ಉಣ್ಣಾಕತ್ಯಾರ!"

ತಾಯಪ್ಪ ಡಬ್ಬಿ ಹಿಡಿದುಕೊಂಡೇ ಬಾಯಿ ತೆರೆದು ನಿಂತ. ಮೂರು ದಿನದಲ್ಲಿ ಮೊದಲ ಸಲ ಅತ್ತೆ ನಕ್ಕರು, ನಗುತ್ತಲೇ ಅತ್ತರು. ಹಿಂಡು ತಿರುಗಿ ಬಂದು ಇಳಿಯಿತು. ಒಂದು ಗಿಣಿ ಬದುವಿನ ಮೇಲೆ ಕುಪ್ಪಳಿಸುತ್ತಾ ಎಲೆಯ ಹತ್ತಿರ ಹೋಗಿ, ಕತ್ತು ಓರೆ ಮಾಡಿ ನೋಡಿ, ಪೇರಲಹಣ್ಣಿಗೆ ಕೊಕ್ಕು ಹಾಕಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮಾಲಕ್ಷ್ಮೀ, ಹಸಿವ್ಯಾಗೈತಿ, ರೊಟ್ಟಿ ತಾ ಬೇ" ಎಂದರು.

ನಾನು ಅವರ ಪಕ್ಕದಲ್ಲೇ, ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆದರೂ "ಬಂದೆ ಅತ್ತಿ" ಎಂದೆ. ಇನ್ನು ಆ ದನಿಯಲ್ಲಿ ನನ್ನನ್ನು ಕರೆಯಲು ಉಳಿದವರು ಅವರೊಬ್ಬರೇ.