ಬಾಯಿಪಾಠದ ಜನೆಲ್

ಜನೆಲ್ ಪ್ರೂಯಿಟ್ ಮೊಟ್ಟೆ ಬೇಯಿಸುವಾಗ ಗಡಿಯಾರ ನೋಡಿದ್ದನ್ನು ಈ ಕಣಿವೆಯಲ್ಲಿ ಯಾರೂ ಕಂಡಿಲ್ಲ. ನೀರು ಮರಳತೊಡಗಿದ ಕೂಡಲೇ ಒಲೆಯ ಮುಂದೆ ನಿಂತು ದಾವೀದನ ಕೀರ್ತನೆಯೊಂದನ್ನು ಎತ್ತಿಕೊಳ್ಳುವಳು; ಹದವಾದ ಗತಿಯಲ್ಲಿ ಅದು ಇಷ್ಟು ಸಲ ಮುಗಿದರೆ ಹಳದಿ ಮೆತ್ತಗೆ, ಅಷ್ಟು ಸಲ ಮುಗಿದರೆ ಗಟ್ಟಿ. ಹಿಟ್ಟು ನಾದುವುದಕ್ಕೆ ಒಂದು ಅಧ್ಯಾಯ, ಮೇಕೆಯ ಹಾಲು ಕರೆಯುವುದಕ್ಕೆ ಇನ್ನೊಂದು, ಕ್ರಿಸ್‌ಮಸ್ಸಿಗೆಂದು ಕಡಲೆಬೀಜದ ಚಿಕ್ಕಿ ಮಾಡುವಾಗ ಪಾಕ ಹದಕ್ಕೆ ಬರುವವರೆಗೆ ಮತ್ತೊಂದು ದೀರ್ಘವಾದ ಸ್ತೋತ್ರ, ಹೀಗೆ ಆ ಮನೆಯ ಕಾಲವನ್ನೆಲ್ಲ ದೇವರ ವಾಕ್ಯವೇ ಅಳೆಯುತ್ತಿತ್ತು. ಏಳು ಮಕ್ಕಳೂ ಪಾತ್ರೆ ಉಜ್ಜುತ್ತ, ಸೌದೆ ಒಟ್ಟುತ್ತ, ಒಬ್ಬರ ಜಡೆ ಇನ್ನೊಬ್ಬರು ಹೆಣೆಯುತ್ತ ತಾಯಿಯ ಜೊತೆ ದನಿಗೂಡಿಸುತ್ತಿದ್ದರು. ಪುಸ್ತಕ ಸುಟ್ಟುಹೋಗಬಹುದು, ಕಣ್ಣು ಮಂಜಾಗಬಹುದು, ಎದೆಯೊಳಗೆ ಕೂತದ್ದನ್ನು ಮಾತ್ರ ಯಾರೂ ಕಸಿಯಲಾರರು ಎಂಬುದು ಆಕೆಯ ಸಿದ್ಧಾಂತ. ಹೊಸದಾಗಿ ಬಂದವರಿಗೆ ಅದು ಮನೆಯೋ ಮಠವೋ ಎಂಬುದು ಬಗೆಹರಿಯಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕಾಗುತ್ತಿತ್ತು.

ನಾನು ಅವರ ಬೇಲಿಯಾಚೆಯ ನೆರೆಯವನು, ಜೇನು ಸಾಕುವವನು, ಒಂಟಿ. ಹಾಗಾಗಿ ಹಬ್ಬದ ಊಟಕ್ಕೆಲ್ಲ ನನಗೆ ಅವರ ಮೇಜಿನಲ್ಲಿ ಒಂದು ಕುರ್ಚಿ ಖಾಯಂ. ಅಮೆರಿಕದ ಓಝಾರ್ಕ್ ಗುಡ್ಡಗಳ ಈ ಮಣ್ಣುರಸ್ತೆಯಲ್ಲಿ ಜನೆಲ್ ಬರುವುದು ಅರ್ಧ ಮೈಲಿ ದೂರದಿಂದಲೇ ಗುರುತಾಗುತ್ತದೆ: ತಲೆ ಮೊದಲು, ಕಾಲು ಆಮೇಲೆ, ಗಾಳಿಯೇ ಇಲ್ಲದ ದಿನವೂ ಎದುರುಗಾಳಿಯನ್ನು ಸೀಳಿಕೊಂಡು ಹೊರಟವಳ ನಡಿಗೆ, ಹಿಂದೆ ಕೋಳಿಮರಿಗಳಂತೆ ಮಕ್ಕಳ ಸಾಲು. ಮೈಮೇಲೆ ಗಂಡ ವೇಡ್‌ನ ಹಳೆಯ ಕಂದು ಕ್ಯಾನ್ವಾಸ್ ಕೋಟು. ಕೊಳವೆಬಾವಿಯ ಪಂಪು ರಿಪೇರಿ ಮಾಡುವ ಅವನ ಗ್ರೀಸಿನ ಕಲೆ ಅದರ ಬೆನ್ನಿನಿಂದ ಇನ್ನೂ ಹೋಗಿಲ್ಲ. ಜೇಬಿನಲ್ಲಿ ಸೀಮೆಸುಣ್ಣ, ಬಟ್ಟೆಗೆ ಹಾಕುವ ಕ್ಲಿಪ್ಪು, ಮೇಕೆಯ ಗೊರಸು ಕೆರೆಯುವ ಕೊಕ್ಕೆ, ಯಾವುದೋ ಮಗು ಅರ್ಧ ತಿಂದು ಕೊಟ್ಟ ಬಿಸ್ಕತ್ತು. ಯಾರು ಏನು ಹೇಳಿದರೂ "ಆಮೇಲೆ?" ಎನ್ನುವುದು ಆಕೆಯ ಬಾಯಿಚಟ. ನನ್ನ ತಂಗಿ ತೀರಿಕೊಂಡ ಸುದ್ದಿ ತಿಳಿಸಿದಾಗಲೂ ಹಾಗೆಂದುಬಿಟ್ಟಳು. ಅಂದ ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ನನಗಿಂತ ಹೆಚ್ಚು ಅತ್ತಳು.

ಮನೆಯನ್ನೇ ಶಾಲೆ ಮಾಡಿಕೊಂಡವರನ್ನು ಪಟ್ಟಣದ ಜನ ವಾರೆಗಣ್ಣಿನಿಂದ ನೋಡುವುದುಂಟು. ಒಂದು ಮಂಗಳವಾರ ದಿನಸಿ ಅಂಗಡಿಯ ಗಲ್ಲಾದಲ್ಲಿದ್ದ ಹೆಂಗಸು ಈ ಮಕ್ಕಳನ್ನು ನೋಡಿ, ಇವತ್ತು ಸ್ಕೂಲಿಲ್ವಾ ಎಂದು ಶುರುಮಾಡಿ, ಎಂಟರ ಮಗ್ಗಿ ಹೇಳಿರೆಂದು ಪರೀಕ್ಷೆಗೇ ಇಳಿದಳು. ಮಕ್ಕಳು ಎಂಟರ ಮಗ್ಗಿ ಮುಗಿಸಿ, ಹನ್ನೆರಡರದ್ದನ್ನೂ ಮುಗಿಸಿ, ಯಾರೂ ಕೇಳದಿದ್ದರೂ ಅಮೆರಿಕದ ಅಷ್ಟೂ ರಾಜ್ಯಗಳ ರಾಜಧಾನಿಗಳನ್ನು ಒಪ್ಪಿಸಲು ತೊಡಗಿದರು. ಹಿಂದೆ ನಿಂತಿದ್ದವರು ಕಾದು ಕಾದು ಬೇರೆ ಗಲ್ಲಾಕ್ಕೆ ಹೋದರು.

ಆದರೆ ಜನೆಲ್ ನಿಜವಾಗಿ ಅಂಜುತ್ತಿದ್ದದ್ದು ಒಬ್ಬರಿಗೇ. ವೇಡ್‌ನ ತಾಯಿ ಡಾರ್ಲೀನ್ ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಒಂದನೆಯ ತರಗತಿಗೆ ಪಾಠ ಹೇಳಿ ಹೇಳಿ ನಿವೃತ್ತರಾದವರು. ಸೊಸೆ ಮಕ್ಕಳನ್ನು ಶಾಲೆಗೆ ಕಳಿಸದೆ ಅಡುಗೆಮನೆಯ ಮೇಜಿನ ಸುತ್ತ ಕೂರಿಸಿಕೊಂಡ ದಿನದಿಂದ ಆ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ, ಮತ್ತು ಆ ಮೌನ ಎಷ್ಟು ತೂಗುತ್ತದೆಂಬುದು ಸೊಸೆಗೆ ಗೊತ್ತಿತ್ತು. ಮಕ್ಕಳ ಜೊತೆ ಸೇರಿ ತಾನೂ ಅತ್ತೆಯನ್ನು ಅಜ್ಜಿ ಎಂದೇ ಕರೆಯುವಳು. ಮೊದಲ ಆರು ಮಕ್ಕಳೂ ಚಿಕ್ಕಂದಿನಲ್ಲೇ ಸರಾಗವಾಗಿ ಓದತೊಡಗಿದ್ದರಿಂದ ಅಲ್ಲಿಯವರೆಗೆ ಆಕೆಯ ತಲೆ ಎತ್ತಿಯೇ ಇತ್ತು.

ಆ ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಡಾರ್ಲೀನ್ ಮನೆಯಲ್ಲಿ. ಟರ್ಕಿ ಕೋಳಿ ಮುಗಿದು ಕುಂಬಳದ ಪೈಗೆ ಚಾಕು ಹಾಕುವ ಮೊದಲು ಒಂದು ಕೀರ್ತನೆ ಓದಬೇಕೆಂದು ಕಡೆಯ ಮಗಳು ತಿರ್ಸಾಳನ್ನು ಎಬ್ಬಿಸಿದರು. ಒಂಬತ್ತು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲುಗಳ ನಡುವೆ ಸಂದು, ಕುತ್ತಿಗೆ ನೆಟ್ಟಗೆ ನಿಲ್ಲಿಸುವ ಗತ್ತು. ಅಜ್ಜಿ ತಮ್ಮ ಬೈಬಲನ್ನು ಕೈಗಿತ್ತರು. ತಿರ್ಸಾ ಬೆರಳನ್ನು ಸಾಲಿನ ಮೇಲೆ ಓಡಿಸುತ್ತ, ನಿಲ್ಲಿಸುವಲ್ಲಿ ನಿಲ್ಲಿಸಿ ಏರಿಸುವಲ್ಲಿ ಏರಿಸಿ, ಸಮಯಕ್ಕೆ ಸರಿಯಾಗಿ ಪುಟವನ್ನೂ ಮಗುಚಿ ಓದಿ ಮುಗಿಸಿದಳು. ನಮಗೆಲ್ಲ ಕಣ್ಣು ತುಂಬಿ ಬಂತು. ಡಾರ್ಲೀನ್ ಕಣ್ಣು ಮಾತ್ರ ಕಿರಿದಾಯಿತು. ಅವರ ಬೈಬಲ್ ಈಚಿನ ಸರಳ ಭಾಷೆಯದು. ಹುಡುಗಿಯ ಬಾಯಿಂದ ಬಂದದ್ದು ಜನೆಲ್ ಮನೆಯ ಹಳೆಯ ಬೈಬಲಿನ, ಮುತ್ತಾತಂದಿರ ಕಾಲದ ಗಂಭೀರ ಭಾಷೆ. ಆ ಪುಟದಲ್ಲಿ ಇಲ್ಲವೇ ಇಲ್ಲದ ಮಾತುಗಳನ್ನು ಮಗು ಆ ಪುಟ ನೋಡಿಕೊಂಡು ಓದಿತ್ತು.

ಅವರು ಎದ್ದು, ತರಕಾರಿ ಬೀಜ ಮಾರುವವರು ಅಂಚೆಯಲ್ಲಿ ಕಳಿಸಿದ್ದ ಚಿತ್ರದ ಪುಸ್ತಕವನ್ನು ತಂದು, ಇದನ್ನೊಂದು ಸಾಲು ಓದು ಪುಟ್ಟಿ ಎಂದರು. ತಿರ್ಸಾ ಟೊಮೆಟೊ ಚಿತ್ರವನ್ನು ನೋಡಿದಳು, ಅಮ್ಮನ ಮುಖ ನೋಡಿದಳು, ಕಿವಿಯ ತುದಿಯವರೆಗೆ ಕೆಂಪಾದಳು.

"ಜನೆಲ್, ಈ ಮಗುಗೆ ಓದಕ್ಕೆ ಬರಲ್ಲ ಕಣಮ್ಮ," ಎಂದರು ಡಾರ್ಲೀನ್. ದನಿಯಲ್ಲಿ ಗೆದ್ದೆನೆಂಬ ಭಾವ ಎಳ್ಳಷ್ಟೂ ಇರಲಿಲ್ಲ. ಅದಕ್ಕೇ ಅದು ಇನ್ನೂ ಆಳಕ್ಕೆ ನಾಟಿತು.

ಇಂಥ ತಪ್ಪು ಇಂಥ ಮನೆಯಲ್ಲಿ ಮಾತ್ರ ಸಾಧ್ಯ. ತೊಟ್ಟಿಲಿನಿಂದಲೇ ಆರು ಮಕ್ಕಳ ಪಾಠವನ್ನು ಕೇಳಿಸಿಕೊಂಡ ಕೂಸು ಅದು. ಓದುಪುಸ್ತಕ ತನ್ನ ಸರದಿಗೆ ಕೈಗೆ ಬರುವ ಹೊತ್ತಿಗೆ ಅದರ ಕೊನೆಯ ಪುಟದವರೆಗೂ ಕಂಠಸ್ಥವಾಗಿರುತ್ತಿತ್ತು. ಬೆರಳು ಎಲ್ಲಿ ಓಡಬೇಕು, ಪುಟ ಯಾವಾಗ ತಿರುವಬೇಕು ಎಂಬುದನ್ನೂ ಅಣ್ಣ ಅಕ್ಕಂದಿರನ್ನು ನೋಡಿ ಕಲಿತಿತ್ತು. ವಂಚನೆಯ ಮಾತೇ ಇಲ್ಲ. ಓದುವುದೆಂದರೆ ಇದೇ ಎಂದು ಆ ಮಗು ನಂಬಿತ್ತು, ಮತ್ತು ಬಾಯಿಪಾಠವನ್ನೇ ದೊಡ್ಡದೆಂದು ನಂಬಿದ ತಾಯಿ ಮಗಳ ನೆನಪಿನ ಶಕ್ತಿಗೆ ಹಿಗ್ಗುತ್ತ ಹಿಗ್ಗುತ್ತ ಮೋಸಹೋಗಿದ್ದಳು.

ಮನೆಗೆ ಮರಳುವ ದಾರಿಯಲ್ಲಿ ವೇಡ್ ವ್ಯಾನಿನ ಸ್ಟಿಯರಿಂಗ್ ಹಿಡಿದೇ ತನ್ನ ತೀರ್ಮಾನ ಹೇಳಿದನಂತೆ: ಕ್ರಿಸ್‌ಮಸ್‌ವರೆಗೆ ನೋಡೋಣ, ಅಷ್ಟರಲ್ಲಿ ಓದು ಬರದಿದ್ದರೆ ಜನವರಿಯಲ್ಲಿ ಶಾಲೆಯ ಹಳದಿ ಬಸ್ಸು ನಮ್ಮ ಗೇಟಿನ ಮುಂದೆಯೂ ನಿಲ್ಲಲಿ. ಅವನು ಮಾತು ಕಡಿಮೆಯ ಮನುಷ್ಯ. ಆಡಿದರೆ ಕಲ್ಲಿನ ಮೇಲಿನ ಗೆರೆ. ಜನೆಲ್‌ಗೆ ಅದು ಬರಿಯ ಮಾನದ ಪ್ರಶ್ನೆಯಾಗಿರಲಿಲ್ಲ. ಒಂಬತ್ತರ ಹುಡುಗಿಯನ್ನು ಐದಾರರ ಮಕ್ಕಳ ಜೊತೆ ಕೂರಿಸುತ್ತಾರೆ, ಅವಳ ಆ ನೆಟ್ಟ ಕುತ್ತಿಗೆ ಬಾಗುತ್ತದೆ, ಅದನ್ನು ಬಾಗಿಸಿದವಳು ನಾನೇ ಎಂದು ಆಕೆ ನನ್ನ ಬೇಲಿಯ ಕಂಬ ಹಿಡಿದುಕೊಂಡು ಹೇಳಿದಳು.

ಎರಡು ದಿನ ಮನೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಕೋಟು ಏರಿಸಿಕೊಂಡು ಅತ್ತೆಯ ಮನೆಗೆ ನಡೆದಳು. ಜೇನಿನ ಬಾಟಲಿ ಕೊಡಲು ಹೋದವನು ನಾನು ಆ ಹೊತ್ತಿಗೆ ಅಲ್ಲಿಯೇ ಕೂತಿದ್ದೆ, ಎದ್ದುಹೋಗಲು ಸಂದು ಸಿಗಲಿಲ್ಲ.

"ಅಜ್ಜಿ, ನಂಗೆ ಹೇಳ್ಕೊಡಿ," ಎಂದಳು ಬಾಗಿಲಲ್ಲೇ.

"ತಿರ್ಸಾನ ಕರ್ಕೊಂಡು ಬಾ, ಹೇಳ್ಕೊಡ್ತೀನಿ."

"ಅವಳಿಗಲ್ಲ. ನಂಗೆ. ಕಲ್ಸೋದು ಹೇಗೆ ಅಂತ."

ಡಾರ್ಲೀನ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಸೊಸೆಯನ್ನು ಹೊಸಬಳಂತೆ ನೋಡಿದರು. "ಹಾಗಾದ್ರೆ ಮೊದಲನೇ ಪಾಠ. ಬಾಯಿ ಮುಚ್ಚು. ಆ ಮಗು ಕಿವೀಲಿ ಓದ್ತಾ ಇದೆ. ಕಿವಿಗೆ ಏನೂ ಸಿಗದೆ ಇದ್ರೆ ಕಣ್ಣು ತಾನಾಗೇ ಏಳತ್ತೆ."

"ಆಮೇಲೆ?"

"ಆಮೇಲೆ ಅನ್ನೋದನ್ನೂ ನಿಲ್ಸು."

ಜನೆಲ್ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಪುಸ್ತಕಗಳೆಲ್ಲ ಪೆಟ್ಟಿಗೆ ಸೇರುವುದು, ಅಡುಗೆ, ಹೊಲಿಗೆ, ಮೇಣದಬತ್ತಿ ಎರೆಯುವುದು, ಚರ್ಚಿನಲ್ಲಿ ಯೇಸುವಿನ ಜನನದ ದೃಶ್ಯ ಕಟ್ಟುವ ಗೋದಲಿಗೆ ಮೇಕೆಗಳನ್ನು ತೊಳೆದು ಸಿದ್ಧಮಾಡುವುದು ಇವೇ ಪಾಠಗಳಾಗುವುದು ಲಾಗಾಯ್ತಿನ ಕ್ರಮ. ಆ ವರ್ಷ ಅದೆಲ್ಲವೂ ಮೌನದಲ್ಲಿ ನಡೆಯಿತು. ತಿರ್ಸಾಳ ಕಿವಿಗೆ ಬೀಳುವಂತೆ ಯಾರೂ ಒಂದು ವಾಕ್ಯವನ್ನೂ ಒಪ್ಪಿಸಕೂಡದು. ಮೊಟ್ಟೆ ಒಂದು ದಿನ ಹಸಿ, ಮರುದಿನ ಕಲ್ಲು. ಪ್ರತಿವರ್ಷ ನೆರೆಹೊರೆಗೆಲ್ಲ ಡಬ್ಬಿಯಲ್ಲಿ ಬರುವ ಆ ಚಿಕ್ಕಿ ಈ ಸಲ ಕರಿಕಲಾಗಿ ಬಂದಾಗ, ಪ್ರೂಯಿಟ್ ಮನೆಯಲ್ಲಿ ಏನೋ ನಡೆದಿದೆಯೆಂದು ಕಣಿವೆಗೆಲ್ಲ ತಿಳಿದುಹೋಯಿತು.

ಅತ್ತೆಯ ಎರಡನೆಯ ಪಾಠ ಇನ್ನೂ ಕಠಿಣವಾದದ್ದು. ಗೊತ್ತಿರುವ ಮಾತನ್ನು ಬರೆದರೆ ಹುಡುಗಿ ಒಂದೇ ಸಲಕ್ಕೆ ನುಂಗಿ ನೆನಪಿನಿಂದ ಒಪ್ಪಿಸಿಬಿಡುತ್ತಾಳೆ, ಆದ್ದರಿಂದ ಲೋಕದಲ್ಲೇ ಇಲ್ಲದ ಮಾತುಗಳನ್ನು ಹುಟ್ಟಿಸು ಎಂದರು. ಜನೆಲ್ ಬೇಕಿಂಗ್ ತಟ್ಟೆಯಲ್ಲಿ ಹಿಟ್ಟು ಹರಡಿ, ಬೆರಳಿನಿಂದ ಅದರಲ್ಲಿ ಬಾಯಿಗೆ ಬಂದ ಹುಚ್ಚು ಹೆಸರುಗಳನ್ನು ಬರೆದಳು: ಗುಂಬಳಕ, ಝಿಪ್ಪಟು, ತೊರ್ಮಿಂದ. ಮೊದಮೊದಲು ತಿರ್ಸಾ ಅತ್ತಳು. ಒಂದು ಮಧ್ಯಾಹ್ನ ತಟ್ಟೆಯನ್ನೇ ನೂಕಿ, ನಾನು ದಡ್ಡಿ, ನನ್ನನ್ನು ಬಸ್ಸಿಗೆ ಹಾಕಿಬಿಡು ಎಂದಳು. ಜನೆಲ್ ಕೊಟ್ಟಿಗೆಗೆ ಹೋಗಿ, ಕೊರೆಯುವ ಚಳಿಯಲ್ಲಿ ಮೇಕೆಗಳ ಮುಂದೆ ಒಂದು ಇಡೀ ಅಧ್ಯಾಯವನ್ನು ಗಟ್ಟಿಯಾಗಿ ಒಪ್ಪಿಸಿ, ಮೂಗು ಒರೆಸಿಕೊಂಡು ಬಂದು, ಚೆಲ್ಲಿದ ಹಿಟ್ಟನ್ನು ಬಳಿದು ಮತ್ತೆ ಬರೆದಳು. ಅಕ್ಷರ ಅಕ್ಷರವಾಗಿ ಮುರಿದು, ಕೂಡಿಸಿ, ತಪ್ಪಿ, ಕೊನೆಗೊಮ್ಮೆ ಗುಂಬಳಕ ಬಾಯಿಗೆ ದಕ್ಕಿದಾಗ ಹುಡುಗಿಗೆ ಬಂದ ನಗು ನಿಲ್ಲಲೇ ಇಲ್ಲ. ಅಂದಿನಿಂದ ಕೊಟ್ಟಿಗೆಯ ಹೋತದ ಹೆಸರು ಗುಂಬಳಕ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಬಿಸಿಲು ಇಳಿಯುವ ಹೊತ್ತಿಗೇ ಜನೆಲ್ ಮನೆಯಲ್ಲಿ ಊಟ ಮುಗಿದಿತ್ತು. ಹಿಂದಿನ ಗೋಮಾಳದಿಂದ ಕಡಿದು ತಂದ ಸೀಡರ್ ಮರ ಮೂಲೆಯಲ್ಲಿ ಘಮಘಮಿಸುತ್ತಿತ್ತು. ಯೇಸುವಿನ ಜನನದ ಅಧ್ಯಾಯವನ್ನು ಮನೆಯ ಒಂದು ಮಗು ಓದುವುದು ಆ ದಿನದ ಸಂಪ್ರದಾಯ. ತಿರ್ಸಾ ಎದ್ದು ನಿಂತಳು. ಡಾರ್ಲೀನ್ ಕೈಯೆತ್ತಿದರು.

"ಅದು ಬೇಡ. ಅದು ಈ ಮನೆ ನಾಯಿಗೂ ಬಾಯಿಪಾಠ."

ಅವರು ತಮ್ಮ ಬೈಬಲನ್ನು ತೆರೆದು ಬೇರೊಂದು ಪುಟವನ್ನು ಮುಂದಿಟ್ಟರು. ಅದು ಯೇಸುವಿನ ವಂಶಾವಳಿ. ಅಬ್ರಹಾಮನಿಂದ ಹಿಡಿದು ತಲೆಮಾರಿನ ಹಿಂದೆ ತಲೆಮಾರು, ಹೆಸರಿನ ಮೇಲೆ ಹೆಸರು; ನಮ್ಮ ಪಾಸ್ಟರೂ ಕೆಮ್ಮುವ ನೆಪದಲ್ಲಿ ದಾಟಿಸಿಬಿಡುವ ಪುಟ. ಜನೆಲ್‌ಳ ಮುಖ ಬಿಳಿಚಿತು. ಇಷ್ಟೊಂದು ಕಂಠಪಾಠದ ಆ ಮನೆಯಲ್ಲಿ ಅದೊಂದು ಯಾರಿಗೂ ಬಾರದು; ಆಕೆ ಕಲಿಸಿರಲೇ ಇಲ್ಲ, ಆಕೆಗೇ ಬಾರದು. ತುಟಿ ಅಲ್ಲಾಡಿಸಿ ನೆರವಾಗೋಣವೆಂದರೂ ತುಟಿಯಲ್ಲಿ ಏನೂ ಇಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಪಾತ್ರೆ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತಳು.

ತಿರ್ಸಾ ಪುಟವನ್ನು ನೋಡಿದಳು. ಹಲ್ಲಿನ ಸಂದು ಕಾಣುವಂತೆ ಮೆಲ್ಲಗೆ ನಕ್ಕಳು. ಗುಂಬಳಕನ ನೆಂಟರಿಷ್ಟರೆಲ್ಲ ಅಲ್ಲಿ ಸಾಲುಗಟ್ಟಿ ನಿಂತಿದ್ದರು. ನಿಧಾನವಾಗಿ, ಒಂದೊಂದನ್ನೂ ಮುರಿದು ಕೂಡಿಸುತ್ತ ಹೊರಟಳು. ಅಮ್ಮಿನಾದಾಬ ಬಂದ, ದಾಟಿದ. ನಹಶೋನ ಬಂದ, ದಾಟಿದ. ಸಲ್ಮೋನನ ಹತ್ತಿರ ನಿಂತುಬಿಟ್ಟಳು. ಅಣ್ಣಂದಿರು ನೆಲ ನೋಡಿದರು, ವೇಡ್ ಕಣ್ಣು ಮುಚ್ಚಿದ, ನಾನು ನನಗೆ ತಿಳಿದ ದೇವರನ್ನೆಲ್ಲ ನೆನೆದೆ. ಹುಡುಗಿ ತಲೆಯೆತ್ತಿದಳು.

"ಅಮ್ಮಾ, ಇಲ್ಲಿ ರಾಹಾಬ ಇದಾಳೆ. ಕಿಟಕೀಗೆ ಕೆಂಪು ದಾರ ಕಟ್ಟಿದ್ಲಲ್ಲ, ಅವಳೇ. ಅವಳು ಯೇಸುವಿನ ಮುತ್ತಜ್ಜಿಯಂತೆ. ನೀನು ನಂಗೆ ಇದನ್ನ ಹೇಳೇ ಇಲ್ಲ."

ರಾಹಾಬಳ ಕಥೆ ಆ ಮಕ್ಕಳಿಗೆಲ್ಲ ಗೊತ್ತಿದ್ದದ್ದೇ: ಊರೆಲ್ಲ ಮೂಗು ಮುರಿದ ಹೆಂಗಸು, ದೇವಜನರ ಗೂಢಚಾರರನ್ನು ತನ್ನ ಮಾಳಿಗೆಯಲ್ಲಿ ಅಡಗಿಸಿ ಕಾಪಾಡಿ, ಗುರುತಿಗೆಂದು ಕಿಟಕಿಗೆ ಕೆಂಪು ದಾರ ಕಟ್ಟಿ ತನ್ನ ಮನೆಯವರನ್ನು ಉಳಿಸಿಕೊಂಡವಳು. ಅವಳು ಈ ವಂಶದಲ್ಲಿ ಬರುತ್ತಾಳೆಂದು ಮಾತ್ರ ಆ ಮನೆಯಲ್ಲಿ ಯಾವ ಬಾಯಿಯೂ ಹೇಳಿರಲಿಲ್ಲ. ಅದು ಆ ಪುಟದಲ್ಲಿತ್ತು, ತಿರ್ಸಾ ಅದನ್ನು ಅಲ್ಲಿಂದಲೇ ಎತ್ತಿಕೊಂಡಿದ್ದಳು, ತನ್ನ ಕಣ್ಣಿನಿಂದ.

ಜನೆಲ್‌ಳ ಕೈಯಿಂದ ಬಟ್ಟೆ ಜಾರಿತು. ಹಬ್ಬದ ದಿನ ಎಂದೂ ಕೂರದ ಆಕೆ ಅಲ್ಲೇ ನೆಲದ ಮೇಲೆ, ಮಕ್ಕಳ ನಡುವೆ ಜಾಗ ಮಾಡಿಕೊಂಡು ಕುಸಿದು ಕೂತಳು. "ಇಲ್ಲ ಮಗಳೇ, ಹೇಳಿಲ್ಲ. ಮುಂದೆ ಓದು. ಇನ್ನೂ ಯಾರ್ಯಾರು ಇದಾರೋ ನೋಡಿ ಹೇಳು ನಂಗೆ."

ತಿರ್ಸಾ ಓದಿದಳು. ಬೋವಜ, ಓಬೇದ, ರಾಜರು, ರಾಜರ ಮಕ್ಕಳು, ಸೆರೆಹೋದವರು. ಜೆರುಬ್ಬಾಬೆಲನ ಮುಂದೆ ಮೂರು ಸಲ ಎಡವಿದಳು, ನಾಲ್ಕನೆಯ ಸಲ ಅವನ ಹೆಸರನ್ನು ಇಡಿಯಾಗಿ ಎತ್ತಿ ನಿಲ್ಲಿಸಿದಳು. ಅಣ್ಣಂದಿರು ಮೇಜು ಕುಟ್ಟಿದ ರಭಸಕ್ಕೆ ತಟ್ಟೆಗಳು ಹಾರಿದವು. ಕೊನೆಯ ಹೆಸರು ಮುಗಿದಾಗ ಕೂಗಾಟದಲ್ಲಿ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಅದು ಅಡಗಿದ ಮೇಲೆ, ಅಷ್ಟು ವರ್ಷ ಆ ಬಗ್ಗೆ ಬಾಯಿ ಬಿಡದಿದ್ದ ಡಾರ್ಲೀನ್ ಮಗನ ಕಡೆ ತಿರುಗಿದರು.

"ವೇಡ್, ಬಸ್ಸಿನೋರಿಗೆ ಈ ಗುಡ್ಡ ಹತ್ತೋ ತಾಪತ್ರಯ ಬೇಡ. ಇಲ್ಲೊಬ್ಬಳು ಟೀಚರ್ ಇದಾಳೆ."

ಜನೆಲ್ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಕಾಣೆ. ಆಕೆ ಮಗಳ ಭುಜದ ಮೇಲಿಂದ ಬಗ್ಗಿ, ರಾಹಾಬಳ ಹೆಸರು ಎಲ್ಲಿದೆಯೆಂದು ತನಗೂ ತೋರಿಸೆಂದು ಕೇಳುತ್ತಿದ್ದಳು.

ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ತಾಯಂದಿರನ್ನು ಕಂಡರೆ, ಇವರು ಮಕ್ಕಳನ್ನು ಮುಷ್ಟಿಯಲ್ಲಿ ಹಿಡಿದಿಟ್ಟುಕೊಳ್ಳುವವರು ಎಂದು ಜನ ಆಡಿಕೊಳ್ಳುತ್ತಾರೆ. ಕೆಲವರ ಮಟ್ಟಿಗೆ ಅದು ನಿಜವೂ ಇರಬಹುದು. ತಾನು ಕೊಟ್ಟದ್ದನ್ನು ಮಗು ತಪ್ಪಿಲ್ಲದೆ ಒಪ್ಪಿಸಿದಾಗ ಹಿಗ್ಗುವ ಗುರುಗಳು ಶಾಲೆಯಲ್ಲೂ ಇದ್ದಾರೆ, ಮನೆಯಲ್ಲೂ ಇದ್ದಾರೆ, ಅವರಿಗೆ ಬರವಿಲ್ಲ. ಆದರೆ ತನ್ನ ಹೆಮ್ಮೆಯ ವಿದ್ಯೆಯೇ ಮಗುವಿಗೆ ಅಡ್ಡಗೋಡೆಯಾಗಿದೆ ಎಂದು ತಿಳಿದ ದಿನ ಅದನ್ನು ಮೇಕೆಗಳ ಪಾಲಿಗೆ ಬಿಟ್ಟುಬಂದು, ತಾನು ಕೊಡದೇ ಇದ್ದದ್ದನ್ನು ಮಗು ಹುಡುಕಿ ತಂದಾಗ ಅದರ ಕಾಲಬಳಿ ನೆಲದ ಮೇಲೆ ಕೂತು ಕೇಳುವವರು ಎಲ್ಲೋ ಒಬ್ಬರು. ಅವರ ಮಕ್ಕಳು ಯಾವ ಬಸ್ಸು ಹತ್ತಿದರೂ, ಹತ್ತದೆ ಹೋದರೂ, ಓದಿಯೇ ಓದುತ್ತಾರೆ.